ಬಾಗಿನದ ಜೊತೆಗೊಂದು ಪತ್ರ: ಕೌಟುಂಬಿಕ ಕಿರುಚಿತ್ರ ಮಾಡುವುದು ಹೇಗೆ?

ಅಣ್ಣ–ತಂಗಿ, ಅತ್ತೆ–ಸೊಸೆ, ತಂದೆ–ಮಗನ ನಡುವಿನ ಸಿಕ್ಕುಗಳನ್ನು ಕಿರುಚಿತ್ರವಾಗಿಸಲು ಹೊರಟವರು ಸಾಮಾನ್ಯವಾಗಿ ಇಡೀ ಸಂಸಾರದ ಕಥೆಯನ್ನು ಹದಿನೈದು ನಿಮಿಷಕ್ಕೆ ತುರುಕಲು ಹೋಗಿ, ಹಳೆಯದನ್ನೆಲ್ಲ ಪಾತ್ರಗಳ ಬಾಯಲ್ಲೇ ಹೇಳಿಸಿಬಿಡುತ್ತಾರೆ. ಆದ್ದರಿಂದ ಮೊದಲು, ಒಂದೇ ದಿನದಲ್ಲಿ ಒಬ್ಬರು ತೆಗೆದುಕೊಳ್ಳಲೇಬೇಕಾದ ಒಂದು ತೀರ್ಮಾನವನ್ನು ಆರಿಸಿಕೊಳ್ಳಿ.

ಮಂಡ್ಯದ ಕಡೆಯ ಒಂದು ಸನ್ನಿವೇಶವನ್ನು ತೆಗೆದುಕೊಳ್ಳೋಣ. ಗೌರಿ ಹಬ್ಬಕ್ಕೆ ತಂಗಿಯ ಮನೆಗೆ ಬಾಗಿನ ತಂದ ಅಣ್ಣನ ಚೀಲದಲ್ಲಿ, ತವರಿನ ಆಸ್ತಿಯಲ್ಲಿ ತನ್ನ ಪಾಲನ್ನು ಬಿಟ್ಟುಕೊಟ್ಟೆನೆಂದು ತಂಗಿ ರುಜು ಹಾಕಬೇಕಾದ ಹಕ್ಕು ಖುಲಾಸೆ ಪತ್ರವೂ ಇದೆ. ಸಂಜೆಯೊಳಗೆ ಆಕೆ ಒಪ್ಪಬೇಕು, ಇಲ್ಲವೇ ಆಗದೆನ್ನಬೇಕು.

ಎರಡನೆಯದಾಗಿ, ಕಥೆಯ ಹಿಂದಿರುವ ಸಂಗತಿಗಳನ್ನು ಖಚಿತಪಡಿಸಿಕೊಳ್ಳಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡಲು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ 1994ರ ತಿದ್ದುಪಡಿಯು ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದವಿಲ್ಲ. 2005ಕ್ಕೆ ಮುಂಚೆಯೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ವಿಭಾಗ ಆಗಿಹೋಗಿದ್ದರೆ ಅದನ್ನು ಕೆದಕುವಂತಿಲ್ಲ, ಆಗ ನಿಮ್ಮ ಕಥೆಗೂ ಆಧಾರವಿರದು. ಇದನ್ನೆಲ್ಲ ವಕೀಲರ ಪಾತ್ರವೊಂದನ್ನು ತಂದು ಹೇಳಿಸುವ ಆಸೆಯನ್ನು ಮಾತ್ರ ಬಿಡಬೇಕು. ನಿಮಗೆ ಗೊತ್ತಿದ್ದರೆ ಸಾಕು.

ಮೂರನೆಯದು ಬರವಣಿಗೆ, ಮತ್ತು ನಿಜವಾದ ಶ್ರಮ ಇರುವುದು ಇಲ್ಲಿಯೇ. ಅಣ್ಣನನ್ನು ದುರುಳನನ್ನಾಗಿಸಿದರೆ ಚಿತ್ರ ಎರಡನೇ ನಿಮಿಷಕ್ಕೇ ಮುಗಿದಂತೆ. ತಂಗಿಯ ಮದುವೆಯ ಸಾಲ ತೀರಿಸಿದವನು, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡವನು ಅವನೇ ಆಗಿರಲಿ. ರುಜು ಹಾಕದಿದ್ದರೆ ಮುಂದಿನ ವರ್ಷ ಬಾಗಿನ ಬಾರದೆಂಬ ಭಯ ಅವಳಿಗಿರಲಿ. ನಮ್ಮ ಕಡೆಯವರು ಇಂಥ ವಿಷಯವನ್ನು ನೇರವಾಗಿ ಎತ್ತುವುದಿಲ್ಲ. ಹಬ್ಬ ಬರುವುದು ಕನ್ನಂಬಾಡಿ ಕಟ್ಟೆ ತುಂಬುವ ಕಾಲದಲ್ಲಾದ್ದರಿಂದ, ‘ಕಟ್ಟೆ ನೂರಿಪ್ಪತ್ತು ದಾಟ್ತಂತೆ’ ಎಂದು ಅಣ್ಣ ಮಾತು ತೆಗೆಯಲಿ. ಪೂರ್ಣ ಮಟ್ಟ 124.80 ಅಡಿ ಎಂಬುದು ಇಬ್ಬರಿಗೂ ಬಾಯಿಪಾಠ. ನೀರಿನಿಂದ ನಾಲೆಗೆ, ನಾಲೆಯಿಂದ ಗದ್ದೆಗೆ ಮಾತು ತಾನಾಗಿ ಹರಿಯುತ್ತದೆ. ಗ್ರಾಂಥಿಕ ಸಂಭಾಷಣೆ ಇಲ್ಲಿ ಸಲ್ಲದು.

ಚಿತ್ರೀಕರಣಕ್ಕೆ ಒಳ್ಳೆಯ ಮೊಬೈಲ್ ಸಾಕು. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ, ಟ್ಯೂಬ್‌ಲೈಟಿನ ಮಿನುಗು ಕಾಣದಿರಲು ಶಟರ್ ವೇಗವನ್ನು 1/50 ಸೆಕೆಂಡಿಗೆ ಇಡಿ. ತೊಟ್ಟಿ ಮನೆ ಸಿಕ್ಕರೆ ಇನ್ನೂ ಒಳ್ಳೆಯದು, ಬೆಳಗಿನ ಮೆದುಬೆಳಕೇ ದೀಪದ ಕೆಲಸ ಮಾಡುತ್ತದೆ. ಫ್ಯಾನು, ಫ್ರಿಜ್ಜು ಆರಿಸಿ, ಯಾರೂ ಮಾತನಾಡದ ಕೋಣೆಯ ಸದ್ದನ್ನು ಅರ್ಧ ನಿಮಿಷ ಬೇರೆಯಾಗಿ ಧ್ವನಿಮುದ್ರಿಸಿಕೊಳ್ಳಿ. ಸಂಕಲನದಲ್ಲಿ ಮಾತುಗಳ ನಡುವಿನ ತೇಪೆ ಕಾಣದಂತೆ ಮಾಡುವುದು ಅದೇ. ಕ್ಯಾಮೆರಾ ಮಾತನಾಡುವವರಿಗಿಂತ ಕೇಳಿಸಿಕೊಳ್ಳುವವರ ಮುಖದ ಮೇಲೆ ಹೆಚ್ಚು ಹೊತ್ತು ನಿಲ್ಲಲಿ.

ಕರಡು ಸಂಕಲನವನ್ನು ಕಥೆ ಗೊತ್ತಿಲ್ಲದ ನಾಲ್ಕಾರು ಮಂದಿಗೆ ತೋರಿಸಿ, ತಪ್ಪು ಯಾರದೆಂದು ಕೇಳಿ. ಎಲ್ಲರೂ ಒಬ್ಬರನ್ನೇ ಬೊಟ್ಟು ಮಾಡಿದರೆ, ಆ ಒಬ್ಬರಿಗಾಗಿ ಇನ್ನೊಂದು ದೃಶ್ಯ ಚಿತ್ರಿಸಬೇಕಾಗುತ್ತದೆ.