ನಾಯಿ ನೋಡಿ ಹಗ್ಗ ತಗೊಳ್ಳಿ

ನಾಯಿಗೆ ಹಗ್ಗ ಬೇಕು ಅಂತ ಅಂಗಡಿಗೆ ಹೋದವರು ಮೊದಲು ಬಣ್ಣ ನೋಡುತ್ತಾರೆ. ನೀವು ನಾಯಿಯ ಕುತ್ತಿಗೆ ನೋಡಿ, ವಯಸ್ಸು ನೋಡಿ, ಎಷ್ಟು ಜಗ್ಗುತ್ತದೆ ಅಂತ ನೋಡಿ.

ದಿನದ ಓಡಾಟಕ್ಕೆ 4ರಿಂದ 6 ಅಡಿಯ ನೈಲಾನ್ ಪಟ್ಟಿ ಸಾಕು. ಕಬ್ಬಿಣದ ಚೈನ್ ಬೇಡವೇ ಬೇಡ. ನಮ್ಮ ಬಳ್ಳಾರಿ ಬಿಸಿಲಿಗೆ ಅದು ಕಾದು ಸುಡುತ್ತದೆ, ಕೊರಳಿಗೆ ಭಾರ, ನಾಯಿ ಜೋರಾಗಿ ಜಗ್ಗಿದರೆ ನಿಮ್ಮ ಅಂಗೈಯೂ ಕಿತ್ತುಹೋಗುತ್ತದೆ.

ಮುಧೋಳ ನಾಯಿ ಸಾಕಿದವರು ಜಾಸ್ತಿ ಹುಷಾರಾಗಿರಬೇಕು. ಅದರ ತಲೆ ಕಿರಿದು, ಕುತ್ತಿಗೆ ಉದ್ದ. ಹೆದರಿ ಹಿಂದಕ್ಕೆ ಸರಿದರೆ ಸಾದಾ ಬೆಲ್ಟ್ ತಲೆಯಿಂದ ಜಾರಿಬಿಡುತ್ತದೆ. ಆಮೇಲೆ ಬೆಕ್ಕೊಂದು ಕಣ್ಣಿಗೆ ಬಿದ್ದರೆ ಮುಗಿಯಿತು, ಯಾರ ಕೈಗೂ ಸಿಗುವುದಿಲ್ಲ. ಅದಕ್ಕೆ ಮಾರ್ಟಿಂಗೇಲ್ ಅನ್ನುವ ಅಗಲವಾದ ಬೆಲ್ಟ್ ಬರುತ್ತದೆ. ಜಗ್ಗಿದಾಗ ಸ್ವಲ್ಪ ಬಿಗಿಯಾಗುತ್ತದೆ, ಬಿಟ್ಟ ಕೂಡಲೇ ಸಡಿಲವಾಗುತ್ತದೆ. ಪೂರ್ತಿ ಬಿಗಿದಾಗಲೂ ಉಸಿರು ಕಟ್ಟದಂತೆ ಅಳತೆ ಸರಿ ಮಾಡಿಸಿಕೊಳ್ಳಿ. ಮನೆಗೆ ಬಂದ ಮೇಲೆ ತಪ್ಪದೆ ಬಿಚ್ಚಿಡಿ. ಗೇಟಿಗೋ ಕಿಟಕಿಗೋ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಮೊದಲೇ ಉಸಿರಾಟ ಕಷ್ಟ. ಅದರ ಕೊರಳಿಗೆ ಹಗ್ಗ ಕಟ್ಟಿ ಎಳೆಯುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಎದೆಗೆ ಹಾಕುವ ಹಾರ್ನೆಸ್ ತನ್ನಿ. ಮುದಿ ನಾಯಿಗೂ ಅದೇ ಒಳ್ಳೆಯದು, ಬೆನ್ನ ಮೇಲೆ ಹಿಡಿ ಇದ್ದರೆ ಮೆಟ್ಟಿಲು ಹತ್ತುವಾಗ ಆಸರೆ ಕೊಡಬಹುದು. ಜಗ್ಗುವ ಲ್ಯಾಬ್ರಡಾರ್‌ಗೆ ಮಾತ್ರ ಹಾರ್ನೆಸ್‌ಗೆ ಹಗ್ಗ ಸಿಕ್ಕಿಸುವ ಕೊಂಡಿ ಎದೆಯ ಮುಂದೆ ಇರಲಿ. ಬೆನ್ನ ಮೇಲಿದ್ದರೆ ಅದು ಎತ್ತಿನಂತೆ ಎದೆಕೊಟ್ಟು ಎಳೆಯುತ್ತದೆ. ಮುಂದಿದ್ದರೆ ಜಗ್ಗಿದಾಗಲೆಲ್ಲ ನಿಮ್ಮ ಕಡೆಗೇ ತಿರುಗುತ್ತದೆ.

ಗುಂಡಿ ಒತ್ತಿದರೆ ಉದ್ದವಾಗುವ ಸುರುಳಿ ಹಗ್ಗ ಚೆಂದ ಕಾಣುತ್ತದೆ, ಆದರೆ ನಮ್ಮೂರ ಕೌಲ್ ಬಜಾರ್‌ನಂಥ ಗಿಜಿಗುಡುವ ಕಡೆ ಬೇಡ. ಬೀದಿನಾಯಿ ಎದುರಾದಾಗ, ಆಟೋ ನುಗ್ಗಿದಾಗ ನಿಮ್ಮ ನಾಯಿ 10 ಅಡಿ ದೂರ ಇದ್ದರೆ ಏನು ಮಾಡುತ್ತೀರಿ? ಆ ತೆಳು ದಾರ ಬೆರಳಿಗೆ ಸುತ್ತಿಕೊಂಡರೆ ಕೊಯ್ದೇ ಬಿಡುತ್ತದೆ. ಖಾಲಿ ಮೈದಾನ ಇದ್ದರೆ ಸರಿ.

ಬೆಲ್ಟ್ ಯಾವುದೇ ಇರಲಿ, ಒಳಗೆ ಎರಡು ಬೆರಳು ಆಡಬೇಕು. ಮರಿಗಳಿಗೆ ವಾರವಾರ ನೋಡಿ, ಅವು ಬೇಗ ಬೆಳೆಯುತ್ತವೆ ಅಲ್ವಾ. ಪಟ್ಟಿಯ ಹೊಲಿಗೆ ಬಿಟ್ಟಿದ್ದರೆ ಸುಮ್ನೆ ಬಿಸಾಡಬೇಡಿ. ನಮ್ಮೂರಲ್ಲಿ ಜೀನ್ಸ್ ಹೊಲಿಯುವವರಿಗೆ ಬರವಿಲ್ಲ, ದಪ್ಪ ದಾರದಲ್ಲಿ ಗಟ್ಟಿಯಾಗಿ ಹೊಲಿದು ಕೊಡುತ್ತಾರೆ. ಕೊಂಡಿ ಸವೆದಿದ್ದರೆ ಮಾತ್ರ ರಿಪೇರಿಗೆ ಹೋಗದೆ ಹೊಸದನ್ನೇ ತಗೊಳ್ಳಿ.