ಗೋಧಿ ಬಿಟ್ಟರೂ ಗಿರಣಿ ಬಿಡಲಿಲ್ಲ

ನನಗೆ ಸೀಲಿಯಾಕ್ ಅಂತ ಗೊತ್ತಾಗಿ ಐದು ವರ್ಷ ಆಯಿತು. ಗೋಧಿಯಲ್ಲಿರೋ ಗ್ಲುಟೆನ್ ಅನ್ನೋ ಅಂಶದಿಂದ ಕರುಳು ಕೆಡೋ ಕಾಯಿಲೆ ಅದು, ಚೂರು ಗೋಧಿಯೂ ಆಗೋದಿಲ್ಲ. ಎಂಡೋಸ್ಕೋಪಿ, ಬಯಾಪ್ಸಿ ಎಲ್ಲ ಆಯಿತು, ಆ ಕಥೆ ಬಿಡಿ. ನಮ್ಮದು ಗದಗ, ಜೋಳದ ಸೀಮೆ. ಗೋಧಿ ಬಿಡೋದು ಏನು ಮಹಾ ಅಂದುಕೊಂಡಿದ್ದೆ. ಚಪಾತಿ, ಉಪ್ಪಿಟ್ಟು, ಶಾವಿಗೆ ಎಲ್ಲ ಬಿಟ್ಟು ಎಂಟು ತಿಂಗಳು ಬರೀ ರೊಟ್ಟಿ, ಅನ್ನ ತಿಂದೆ. ಈ ಕಾಯಿಲೆ ಎಷ್ಟಿದೆ ಅಂತ ತೋರಿಸೋ ರಕ್ತಪರೀಕ್ಷೆಯ ಅಂಕಿ, ಟಿಟಿಜಿ, 200ರ ಮೇಲಿದ್ದದ್ದು ಇಳಿದು 140ರ ಹತ್ತಿರ ಬಂದು ನಿಂತಿತು. ಹೊಟ್ಟೆ ಉಬ್ಬರ ಹಾಗೇ ಇತ್ತು. "ಜ್ವಾಳದ ರೊಟ್ಟಿ ತಿಂದು ಯಾರಿಗರ ಹೊಟ್ಟಿ ನೋಯತೈತೇನವಾ?" ಅಂದರು ಅತ್ತೆ.

ಮೊದಲು ಸಿಕ್ಕಿಬಿದ್ದದ್ದು ಹಿಂಗು. ಡಬ್ಬಿ ತಿರುಗಿಸಿ ಓದಿದರೆ ಅದರಲ್ಲಿ ಮೈದಾ! ಅವತ್ತಿನಿಂದ ಬೆಳ್ಳುಳ್ಳಿ ಒಗ್ಗರಣೆಯೇ ಗತಿ.

ಆಮೇಲೆ ಒಂದು ದಿನ ಗಿರಣಿಯಲ್ಲಿ ನಿಂತು ನೋಡಿದೆ. ನನಗಿಂತ ಮುಂದಿದ್ದವರದ್ದು ಗೋಧಿ. ನನ್ನ ಜೋಳ ಹಾಕಿದಾಗ ಮೊದಲು ಬಿದ್ದ ಎರಡು ಬೊಗಸೆ ಹಿಟ್ಟು ಕಂದು ಬಣ್ಣ, ಆಮೇಲೆ ಬಿಳಿ. ಎಂಟು ತಿಂಗಳು ನಾನು ಅದನ್ನೇ ತಿಂದಿದ್ದೆ. ಬೆಳಿಗ್ಗೆ ಮೊದಲ ಪಾಳಿ ಹಿಡಿದೆ, ಆದರೆ ಕಲ್ಲಿನಲ್ಲಿ ರಾತ್ರಿಯ ಗೋಧಿ ಇದ್ದೇ ಇರುತ್ತಲ್ವಾ? ಕಲ್ಲು ಸ್ವಚ್ಛ ಆಗಲಿ ಅಂತ ಜೋಳಕ್ಕಿಂತ ಮುಂಚೆ ಎರಡು ಕಿಲೋ ಅಕ್ಕಿ ಬೀಸಿಸಿ ಆ ಹಿಟ್ಟನ್ನು ಆಕಳಿಗೆ ಹಾಕಿದೆ. ದುಡ್ಡು ದಂಡ, ಉಬ್ಬರ ಹಾಗೇ. ಪಾಕೀಟು ಹಿಟ್ಟು ತರಿಸಿದೆ, ಕಿಲೋಗೆ 200 ರೂಪಾಯಿ ಮೇಲೆ. ಅದರಲ್ಲಿ ರೊಟ್ಟಿ ಬಡಿದರೆ ಅಂಚೆಲ್ಲ ಸೀಳು.

ಕೊನೆಗೆ ಮನೆಗಿರಣಿ ಅಂದೆ. ಯಜಮಾನರು ನಕ್ಕರು. ಉಳಿಸೋಣ ಅಂತ ಹಳೆಯದೊಂದನ್ನು 6 ಸಾವಿರಕ್ಕೆ ತಂದೆ. ದಡ್ಡತನ ನನ್ನದೇ. ಅದು ವರ್ಷಗಟ್ಟಲೆ ಗೋಧಿ ಬೀಸಿದ ಗಿರಣಿ. ಬಿಚ್ಚಿದಷ್ಟೂ ಮೂಲೆ ಮೂಲೆಯಲ್ಲಿ ಹಿಟ್ಟು, ಬ್ರಷ್ ಹಾಕಿ ತಿಕ್ಕಿದರೂ ಬರುತ್ತಲೇ ಇತ್ತು. ಅರ್ಧ ಬೆಲೆಗೆ ಮಾರಿ, ಹೊಸದು ತಂದೆ, 17-18 ಸಾವಿರ ಬಿತ್ತು. ರೊಟ್ಟಿಗೆ ಬೇರೆ ಹಂಚು, ಬೇರೆ ಪರಾತ ಕೂಡ.

ಇಷ್ಟಾದರೂ ಜೋಳದಲ್ಲೇ ಗೋಧಿ ಇರುತ್ತದೆ. ಒಂದೇ ಹೊಲ, ಒಂದೇ ರಾಶಿ ಮಶೀನು, ಒಂದೇ ಚೀಲ. ಮೊರದಲ್ಲಿ ತೆಳ್ಳಗೆ ಹರವಿದರೆ ದುಂಡನೆಯ ಬಿಳಿ ಕಾಳಿನ ನಡುವೆ ಉದ್ದನೆಯದೊಂದು ಮಲಗಿರುತ್ತದೆ, ಬೆನ್ನ ಮೇಲೆ ಗೆರೆ. ಕಿಲೋಗೆ ಮೂರು ನಾಲ್ಕು ಸಿಗುತ್ತವೆ. ಆರಿಸಿ, ತೊಳೆದು, ಒಣಗಿಸಿಯೇ ಬೀಸುತ್ತೇನೆ.

ಒಂದು ವರ್ಷಕ್ಕೆ ಟಿಟಿಜಿ 20ರ ಒಳಗೆ ಬಂತು. ಹಿಮೋಗ್ಲೋಬಿನ್ 8 ಇದ್ದದ್ದು 11 ದಾಟಿತು. ಡಾಕ್ಟರು ರಿಪೋರ್ಟನ್ನು ಎರಡು ಸಲ ನೋಡಿದರು. ಯಜಮಾನರು ಈಗ ನಗೋದಿಲ್ಲ.

ಜಾತ್ರೆಯ ಗೋಧಿ ಹುಗ್ಗಿ ಮಾತ್ರ ನೆನಪಾಗುತ್ತಿತ್ತು. ನವಣೆ, ಬೆಲ್ಲ, ಗಸಗಸೆ, ಒಣಕೊಬ್ಬರಿ ಹಾಕಿ ಮಾಡಿದೆ. ಮೊದಲ ಸಲ ಗಂಜಿಯಾಯಿತು, ಎರಡನೇ ಸಲ ಹುರಿದು ಹಾಕಿದೆ, ಅತ್ತೆಯೇ ಎರಡನೇ ಸಲ ಬಡಿಸಿಕೊಂಡರು. ಹೋಳಿಗೆಯ ಕಣಕಕ್ಕೆ ಜೋಳದ ಹಿಟ್ಟನ್ನು ಉಕ್ಕರಿಸಿಕೊಳ್ಳುತ್ತೇನೆ, ಹರಿಯದಿರಲು ಇನ್ನೊಂದು ಹಾಕುತ್ತೇನೆ. ಅದನ್ನು ಇಲ್ಲಿ ಹೇಳೋದಿಲ್ಲ, ಗೋಧಿಯಂತೂ ಅಲ್ಲ.

ಮೊನ್ನೆ ಪಕ್ಕದ ಮನೆಯವರು ಒಂದು ಸೇರು ಗೋಧಿ ಹಿಡಿದು ಬಂದರು, "ಕರೆಂಟ್ ಬಿಲ್ ಕೊಡ್ತೀನಿ, ಬೀಸಿಕೊಡ್ರಿ" ಅಂತ. ಆಗಲ್ಲ ಅಂದೆ. ಈಗ ಮಾತು ಬಿಟ್ಟಿದ್ದಾರೆ.