16 ಸಾವಿರದ ಮೈಕ್ರೋಸ್ಕೋಪ್: ನನ್ನ ಅನುಭವ

ಕಳೆದ ದೀಪಾವಳಿಯಿಂದ ಇಲ್ಲಿಯವರೆಗೆ ಸುಮಾರು 140 ಮೊಬೈಲ್ ಬೋರ್ಡ್ ರಿಪೇರಿ ಮಾಡಿದ್ದೇನೆ. ತಿರುಗಿ ಬಂದದ್ದು ಆರೋ ಏಳೋ. ಅದಕ್ಕೂ ಮೊದಲು ಹತ್ತರಲ್ಲಿ ಮೂರು ವಾಪಸ್ ಬರುತ್ತಿದ್ದವು. ಕೈ ಅದೇ, ಬೆಸುಗೆ ಹಾಕುವ ಐರನ್ ಅದೇ, ಬಿಸಿ ಗಾಳಿ ಊದುವ ಹಾಟ್ ಏರ್ ಅದೇ. ಬದಲಾದದ್ದು ಎರಡೂ ಕಣ್ಣಿನಿಂದ ನೋಡುವ ಸ್ಟೀರಿಯೋ ಮೈಕ್ರೋಸ್ಕೋಪ್ ಒಂದೇ.

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆ ಸುತ್ತಮುತ್ತ ಮೊಬೈಲ್ ರಿಪೇರಿ ಮಾಡುವವರೆಲ್ಲ ಒಬ್ಬರಿಗೊಬ್ಬರು ಗೊತ್ತು. ನಾನು ಮೈಕ್ರೋಸ್ಕೋಪ್ ತರುತ್ತೇನೆ ಅಂದಾಗ ಯಾರೂ ಒಪ್ಪಲಿಲ್ಲ. ನನಗೆ ಈ ಕೆಲಸ ಕಲಿಸಿದ ಅಣ್ಣನೇ, "ತಮ್ಮಾ, ಅದು ಕಾಲೇಜ್ ಲ್ಯಾಬಿನ್ಯಾಗ ಇಡೋ ಸಾಮಾನು. ಅರ್ಧ ತಾಸು ನೋಡಿದ್ರ ತಲಿ ಹಿಡಿತೈತಿ. ಲೆನ್ಸ್ ಲ್ಯಾಂಪ್ ಸಾಕು" ಅಂದರು. ಅವರ ಮಾತು ಸುಳ್ಳಲ್ಲ. ಅವರೂ ಒಮ್ಮೆ ತಂದು, ತಿಂಗಳೊಳಗೆ ಮಾರಿದ್ದರು. ಆದರೆ ಬೋರ್ಡ್ ಮೇಲಿನ 0201 ಸೈಜಿನ ಕೆಪಾಸಿಟರ್ ಅಂದರೆ 0.6 ಮಿ.ಮೀ. ಉದ್ದ. 01005 ಇನ್ನೂ ಸಣ್ಣದು, 0.4 ಮಿ.ಮೀ. ಲೆನ್ಸ್ ಲ್ಯಾಂಪಿನಲ್ಲಿ ಅದು ಇದೆಯೋ ಇಲ್ಲವೋ ಅಷ್ಟೇ ಕಾಣುತ್ತದೆ, ಬೆಸುಗೆ ಹಿಡಿದಿದೆಯೋ ಇಲ್ಲವೋ ಕಾಣುವುದಿಲ್ಲ.

ಮೊದಲು ದುಡ್ಡು ಕಳೆದ ಕಥೆ ಹೇಳುತ್ತೇನೆ. 1,800 ಕೊಟ್ಟು ಯುಎಸ್‌ಬಿ ಮೈಕ್ರೋಸ್ಕೋಪ್ ತಂದೆ. ಡಬ್ಬಿ ಮೇಲೆ 1000 ಎಕ್ಸ್ (ಸಾವಿರ ಪಟ್ಟು) ಅಂತ ಬರೆದಿತ್ತು. ಫೋಟೋ ತೆಗೆಯಲು ಪರವಾಗಿಲ್ಲ, ಕೆಲಸಕ್ಕೆ ಬರಲ್ಲ. ಕೈ ಮುಂದೆ ಹೋದ ಮೇಲೆ, ತಡವಾಗಿ, ಪರದೆಯಲ್ಲಿ ಚಿಮಟ ಅಲ್ಲಾಡುತ್ತದೆ. ಆಳವೂ ಗೊತ್ತಾಗುವುದಿಲ್ಲ. ಚಿಮಟ ಐಸಿ (ಚಿಪ್) ಮೇಲಿದೆ ಅಂದುಕೊಂಡರೆ ಅದು ಇನ್ನೂ ಗಾಳಿಯಲ್ಲೇ ಇರುತ್ತದೆ. ಒಂದು ಗಿರಾಕಿಯ ಬೋರ್ಡಿನಲ್ಲಿ ಹೀಗೆ ಎರಡು ಪ್ಯಾಡ್ (ಬೆಸುಗೆ ಹಿಡಿಯುವ ತಾಮ್ರದ ಚುಕ್ಕೆ) ಕಿತ್ತೆ. ಆ ಫೋನಿನ ದುಡ್ಡು ಕೈಯಿಂದ ಕೊಟ್ಟೆ.

ಆಮೇಲೆ ಸೆಕೆಂಡ್ ಹ್ಯಾಂಡ್ ಟ್ರೈನಾಕ್ಯುಲರ್ ಹೆಡ್ (ಎರಡು ಕೊಳವೆ ಕಣ್ಣಿಗೆ, ಮೂರನೆಯದು ಕ್ಯಾಮೆರಾಕ್ಕೆ) ಸಿಕ್ಕಿತು, ಫೋಕಸ್ ಗುಬ್ಬಿ (ತಿರುಗಿಸುವ ನಾಬ್) ಸಮೇತ. 9,500 ರೂಪಾಯಿ. ಜೂಮ್ 0.7ರಿಂದ 4.5, ಕಣ್ಣಿಡುವ ಐಪೀಸ್ 10 ಎಕ್ಸ್. ಅಂದರೆ 7ರಿಂದ 45 ಪಟ್ಟು. ಸ್ಟ್ಯಾಂಡ್ ಇರಲಿಲ್ಲ. ರೆಡಿಮೇಡ್ ಸಣ್ಣ ಸ್ಟ್ಯಾಂಡಿಗೆ 2,200 ಹಾಕಿದೆ, ಅದೂ ಹೋಯಿತು. ಲೆನ್ಸಿಗೂ ಬೋರ್ಡಿಗೂ ನಡುವೆ ಬರೀ 10 ಸೆಂ.ಮೀ. ಜಾಗ. ಹಾಟ್ ಏರ್ ನಾಝಲ್ ಹೋಗಿ ಲೆನ್ಸಿಗೆ ತಾಗುತ್ತಿತ್ತು. ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸಿನ ಹೊಗೆ ನೇರ ಗಾಜಿಗೆ ಹತ್ತಿ, ಎರಡು ವಾರದಲ್ಲಿ ಎಲ್ಲ ಮಂಜು ಮಂಜು.

ಆಗ ತಿಳಿಯಿತು, ಈ ಕೆಲಸಕ್ಕೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದಕ್ಕಿಂತ ಕೆಳಗೆ ಎಷ್ಟು ಜಾಗ ಸಿಗುತ್ತದೆ ಅನ್ನುವುದೇ ಮುಖ್ಯ. 1,500 ಕೊಟ್ಟು 0.5 ಬಾರ್ಲೋ ಲೆನ್ಸ್ (ಹೆಡ್ಡಿನ ಕೆಳಗೆ ಕೂರಿಸುವ ಇನ್ನೊಂದು ಲೆನ್ಸ್) ಹಾಕಿದೆ. ಪಟ್ಟು ಅರ್ಧಕ್ಕೆ ಇಳಿಯಿತು, ಮೂರೂವರೆಯಿಂದ 22ರವರೆಗೆ. ಜಾಗ 16-17 ಸೆಂ.ಮೀ. ಆಯಿತು. ಐರನ್, ಚಿಮಟ, ನಾಝಲ್ ಮೂರೂ ಆರಾಮಾಗಿ ಒಳಗೆ ಹೋಗುತ್ತವೆ. ನನ್ನ ಕೆಲಸದಲ್ಲಿ ಹತ್ತಕ್ಕೆ ಎಂಟು ಪಾಲು 7-10 ಪಟ್ಟಿನಲ್ಲೇ ಮುಗಿಯುತ್ತದೆ. 20ಕ್ಕೆ ಹೋಗುವುದು ಜಂಪರ್ (ತುಂಡಾದ ದಾರಿ ಜೋಡಿಸುವ ಸಣ್ಣ ತಂತಿ) ಎಳೆಯುವಾಗ, ಪ್ಯಾಡ್ ಸೀಳಿದೆಯೋ ನೋಡುವಾಗ ಮಾತ್ರ. ಬಾರ್ಲೋ ಕೆಳಗೆ 48 ಮಿ.ಮೀ. ಸಾದಾ ಗಾಜಿನ ಫಿಲ್ಟರ್ ಒಂದನ್ನು ತಿರುಗಿಸಿ ಕೂರಿಸಿದ್ದೇನೆ. ಹೊಗೆ ಅದಕ್ಕೆ ಹತ್ತಲಿ, ಹಾಳಾದರೆ 300 ರೂಪಾಯಿ ಅಷ್ಟೇ.

ಸ್ಟ್ಯಾಂಡ್ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ, ಏಕೆಂದರೆ ನಾನು ಜಾಸ್ತಿ ಬಡಿದಾಡಿದ್ದು ಅಲ್ಲೇ. ಬೂಮ್ ಸ್ಟ್ಯಾಂಡಿಗೆ (ಕಂಬದಿಂದ ತೋಳು ಚಾಚಿ ಹೆಡ್ ಹಿಡಿಯುವಂಥದ್ದು) ಕೇಳಿದ ರೇಟು ನನ್ನ ಹೆಡ್ಡಿಗಿಂತ ಹೆಚ್ಚು. ಗೋಕುಲ ರಸ್ತೆ ಕಡೆ ಒಬ್ಬ ಲೇಥ್‌ನವರ ಹತ್ತಿರ 32 ಮಿ.ಮೀ. ಕಂಬ, 25 ಮಿ.ಮೀ. ಬ್ರೈಟ್ ಬಾರ್ (ನುಣುಪು ಉಕ್ಕಿನ ಸರಳು) ತೋಳು, ಎರಡನ್ನೂ ಜೋಡಿಸಲು ನಡುವೆ ಬುಷ್ ಮಾಡಿಸಿದೆ. ಎಲ್ಲ ಸೇರಿ 1,100. ಹೆಡ್ ಭಾರ ಮುಂದಕ್ಕೆ ವಾಲುತ್ತದೆ, ಹಾಗಾಗಿ ಬುಡ ಗಟ್ಟಿ ಬೇಕು. ಮೊದಲು ಪ್ಲೈವುಡ್ ಹಾಕಿದೆ. ರಸ್ತೆಯಲ್ಲಿ ಬಸ್ಸು ಹೋದರೆ ಬೋರ್ಡೆಲ್ಲ ಕುಣಿಯುತ್ತಿತ್ತು. ಆಮೇಲೆ ಶಹಾಬಾದ್ ಕಲ್ಲು ತಂದೆ, ಒಂದೂವರೆ ಅಡಿ ಅಗಲ, ಎರಡು ಅಡಿ ಉದ್ದ, ಒಂದೂವರೆ ಇಂಚು ದಪ್ಪ. ತೂತು ಹಾಕುವಾಗ ಹ್ಯಾಮರ್ ಡ್ರಿಲ್ ಹಿಡಿದೆ, ಕಲ್ಲು ಅಡ್ಡಕ್ಕೆ ಸೀಳಿತು. ಎರಡನೇ ಕಲ್ಲಿಗೆ ಹ್ಯಾಮರ್ ಬಂದ್ ಮಾಡಿ, ನೀರು ಬಿಡುತ್ತಾ, ನಿಧಾನವಾಗಿ ಸಣ್ಣ ಬಿಟ್‌ನಿಂದ ದೊಡ್ಡದಕ್ಕೆ ಹೋದೆ. ತೂತಿನಿಂದ ಬೂದು ಬಣ್ಣದ ಕೆಸರು ಬರುತ್ತಿತ್ತು. ಮುಕ್ಕಾಲು ತಾಸು ಹಿಡಿಯಿತು, ಕಲ್ಲು ಉಳಿಯಿತು. ಕೆಳಗೆ ಸೈಕಲ್ ಟ್ಯೂಬಿನ ನಾಲ್ಕು ತುಂಡು. ಈಗ ಇಪ್ಪತ್ತು ಪಟ್ಟಿನಲ್ಲೂ ಚಿತ್ರ ಅಲ್ಲಾಡುವುದಿಲ್ಲ. 25 ಕೆಜಿ ಮೇಲಿದೆ ಆ ಕಲ್ಲು.

ಬಾರ್ಲೋ ಹಾಕಿದ ಮೇಲೆ ಹೆಡ್ ಮೇಲಕ್ಕೆ ಹೋಯಿತು, ಕತ್ತು ನೋಯತೊಡಗಿತು. ಕುರ್ಚಿ ಎತ್ತರಿಸಿದರೆ ಕಾಲು ತೂಗಾಡುತ್ತದೆ. ಕೊನೆಗೆ ಟೇಬಲಿನ ಕಾಲನ್ನೇ ಮೂರು ಇಂಚು ಕತ್ತರಿಸಿದೆ.

ಇನ್ನು ತಲೆನೋವಿನ ಮಾತು. ಅಣ್ಣ ಮಾರಿಬಿಟ್ಟದ್ದು ಇದೇ ಕಾರಣಕ್ಕೆ. ಎರಡು ಐಪೀಸಿನ ನಡುವಿನ ದೂರವನ್ನು ಕಣ್ಣಿಗೆ ಹೊಂದಿಸದೆ, ಡಯಾಪ್ಟರ್ ಉಂಗುರ (ಒಂದೊಂದು ಕಣ್ಣಿಗೆ ಬೇರೆಯಾಗಿ ಫೋಕಸ್ ಹೊಂದಿಸುವುದು) ಮುಟ್ಟದೆ ನೋಡಿದರೆ ಯಾರಿಗಾದರೂ ತಲೆ ಹಿಡಿಯುತ್ತದೆ. ನಾನು 100ರ ನೋಟು ಇಟ್ಟು ಹೊಂದಿಸುತ್ತೇನೆ. ಅದರ ಮೇಲೆ 'ಆರ್‌ಬಿಐ' ಅಂತ ಇರುವೆಗಿಂತ ಸಣ್ಣ ಅಕ್ಷರಗಳಿವೆ. ಜೂಮ್ ಪೂರ್ತಿ ಏರಿಸಿ ಗುಬ್ಬಿಯಿಂದ ಫೋಕಸ್ ಮಾಡಬೇಕು. ಆಮೇಲೆ ಜೂಮ್ ಪೂರ್ತಿ ಇಳಿಸಿ, ಗುಬ್ಬಿ ಮುಟ್ಟದೆ, ಒಂದೊಂದೇ ಕಣ್ಣಿಗೆ ಡಯಾಪ್ಟರ್ ತಿರುಗಿಸಬೇಕು. ಎರಡು ಸಲ ಹೀಗೆ ಮಾಡಿದರೆ ಮೇಲಿಂದ ಕೆಳಗಿನವರೆಗೆ ಫೋಕಸ್ ಜಾರುವುದಿಲ್ಲ. ಕ್ಯಾಮೆರಾ ಹೊಂದಿಸುವುದು ಕಣ್ಣು ಸರಿಯಾದ ಮೇಲೆ. ಕ್ಯಾಮೆರಾಕ್ಕೆ 2,800 ಹೋಯಿತು. ಗಿರಾಕಿಗೆ ಪರದೆ ಮೇಲೆ ತೋರಿಸಿದರೆ ರೇಟಿಗೆ ಚೌಕಾಸಿ ಮಾಡುವುದಿಲ್ಲ, ಹಾಗಾಗಿ ಅದು ಎರಡು ತಿಂಗಳಲ್ಲೇ ವಸೂಲಿ.

ಲೆನ್ಸಿನ ಸುತ್ತ ಕೂರುವ ರಿಂಗ್ ಲೈಟಿಗೆ 900. ಅದರ ಬೆಳಕು ಬೆಸುಗೆ ಮೇಲೆ ಬಿದ್ದು ಕಣ್ಣು ಕುಕ್ಕುತ್ತದೆ, ಅಲ್ವಾ? ನಮ್ಮ ಅಂಗಡಿಯಲ್ಲಿ ಸತ್ತ ಎಲ್‌ಸಿಡಿಗಳಿಗೆ ಬರವಿಲ್ಲ. ಒಳಗಿನ ಬೆಳಕು ಹರಡುವ ಬಿಳಿ ಡಿಫ್ಯೂಸರ್ ಹಾಳೆ ಕತ್ತರಿಸಿ ಲೈಟಿಗೆ ಹಾಕಿದೆ, ಅರ್ಧ ಹೊಳಪು ಹೋಯಿತು. ಆಮೇಲೆ ಅದರದ್ದೇ ಪೋಲರೈಸರ್ ಫಿಲ್ಮ್ (ಒಂದೇ ದಿಕ್ಕಿನ ಬೆಳಕು ಬಿಡುವ ಹಾಳೆ) ಕಿತ್ತು ಒಂದು ತುಂಡು ಲೈಟಿಗೆ, ಇನ್ನೊಂದು ಲೆನ್ಸಿಗೆ ಅಡ್ಡಡ್ಡ ಇಟ್ಟೆ. ಕಪ್ಪು ಐಸಿ ಮೇಲಿನ ನಂಬರ್ ಅಚ್ಚುಕಟ್ಟಾಗಿ ಎದ್ದು ಬಂತು. ಬೆಳಕು ಮಾತ್ರ ತುಂಬಾ ಕಡಿಮೆಯಾಗುತ್ತದೆ, ಬಿಸಿ ಗಾಳಿಗೆ ಫಿಲ್ಮ್ ಸುರುಳಿ ಸುತ್ತುತ್ತದೆ. ಹಾಗಾಗಿ ನೋಡುವಾಗ ಹಾಕಿ, ಬಿಸಿ ಕೊಡುವಾಗ ತೆಗೆಯುತ್ತೇನೆ. ಫಿಲ್ಮಿನ ಅಂಟನ್ನು ಗೆರೆ ಬೀಳದಂತೆ ಹೇಗೆ ತೆಗೆಯುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಕಲಿಯಲು ನನಗೆ ಇಪ್ಪತ್ತು ಡಿಸ್‌ಪ್ಲೇ ಹೋಗಿವೆ. ಅಂಗಡಿಗೆ ಬಂದವರಿಗೆ ತೋರಿಸುತ್ತೇನೆ.

ಸುಮ್ನೆ ಕುತೂಹಲಕ್ಕೆ ಬೇರೆ ಬೇರೆಯವೂ ನೋಡಿದ್ದೇನೆ. ಪಕ್ಕದ ಪತ್ತಾರ ಕಾಕಾ ಉಂಗುರದೊಳಗಿನ ಹಾಲ್‌ಮಾರ್ಕಿನ ಆರು ಅಕ್ಷರ ಓದಿಸಲು ಬರುತ್ತಾರೆ. ಬ್ಯಾಡಗಿ ಕಡೆಯ ನಮ್ಮ ಮಾವ ಒಮ್ಮೆ ಮೆಣಸಿನ ಹೂವು, ಮುಟುರಿದ ಎಲೆ ಬಾಟಲಿಯಲ್ಲಿ ತಂದರು. ಹೂವನ್ನು ಬಿಳಿ ಕಾಗದದ ಮೇಲೆ ಕೊಡವಿ 15 ಪಟ್ಟಿನಲ್ಲಿ ಇಟ್ಟೆ. ಒಂದು ಮಿ.ಮೀ. ಉದ್ದದ ಕಪ್ಪು ಥ್ರಿಪ್ಸ್ ಕೀಟ ಐದಾರು ಓಡಾಡುತ್ತಿದ್ದವು. ರೆಕ್ಕೆಯ ಅಂಚಿಗೆ ಬಾಚಣಿಗೆ ಹಲ್ಲಿನ ಹಾಗೆ ಕೂದಲು. ಎಲೆಗಳೂ ಮೇಲಕ್ಕೆ ಮುಟುರಿದ್ದವು. ಮೈಟ್ (ನುಸಿ) ಆಗಿದ್ದರೆ ಕೆಳಕ್ಕೆ ಮುಟುರುತ್ತವೆ. ಮಾವ ಅಷ್ಟು ದಿನ ಮೈಟಿನ ಔಷಧ ಹೊಡೆಯುತ್ತಿದ್ದರಂತೆ. "ಮೂರು ಸಾವಿರ ನೀರಾಗ ಹಾಕಿದ್ನಲ್ಲೋ" ಅಂತ ಅಲ್ಲೇ ಕೂತುಬಿಟ್ಟರು. ಆವತ್ತು ನನ್ನ ಕೆಲಸ ಎರಡು ತಾಸು ನಿಂತಿತು, ಬೇಜಾರಿಲ್ಲ.

ಮಳೆಗಾಲದಲ್ಲಿ ಹುಷಾರು. ನಮ್ಮಲ್ಲಿಗಿಂತ ಧಾರವಾಡದವರಿಗೆ ಈ ಎಚ್ಚರ ಜಾಸ್ತಿ ಬೇಕು. ಲೆನ್ಸಿನ ಒಳಗೆ ಫಂಗಸ್ ಹಿಡಿದರೆ ಬಿಚ್ಚದೆ ಹೋಗದು. ರಾತ್ರಿ ದಪ್ಪ ಪಾಲಿಥಿನ್ ಚೀಲ ಮುಚ್ಚಿ, ಒಳಗೆ ಒಂದು ಮುಷ್ಟಿ ನೀಲಿ ಸಿಲಿಕಾ ಜೆಲ್ ಇಡುತ್ತೇನೆ. ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಮತ್ತೆ ಇಡುವುದು.

ಕಲ್ಲು, ಫಿಲ್ಟರ್ ಎಲ್ಲ ಸೇರಿ 16 ಸಾವಿರದ ಆಸುಪಾಸು ಆಯಿತು, ಹಾಳು ಮಾಡಿದ್ದು ಬಿಟ್ಟು. ಹೋದ ತಿಂಗಳು ಅಣ್ಣ ಬಂದು ನನ್ನ ಕುರ್ಚಿಯಲ್ಲಿ ಕೂತರು. ಅವರ ಕಣ್ಣಿಗೆ ಹೊಂದಿಸಿ ಕೊಟ್ಟೆ. ಒಂದೂವರೆ ತಾಸು ಏಳದೆ ಒಂದು ಚಾರ್ಜಿಂಗ್ ಐಸಿ ಕೂರಿಸಿ, "ತಲಿ ಹಿಡಿಲಿಲ್ಲ ನೋಡ" ಅಂದರು. ಈಗ ಅದೇ ಲೇಥ್‌ನಲ್ಲಿ ಅವರ ಸ್ಟ್ಯಾಂಡ್ ತಯಾರಾಗುತ್ತಿದೆ. ನನ್ನ ಹೆಡ್ ಕೂರುವ ರಿಂಗ್ 76 ಮಿ.ಮೀ., ಅವರು ತಂದ ಹೆಡ್ಡಿನದು ಬೇರೆ ಅಳತೆ. ನೀವೂ ಮಾಡಿಸುವುದಾದರೆ ಹೆಡ್ಡನ್ನೇ ಲೇಥ್‌ನವರ ಕೈಗೆ ಕೊಟ್ಟು ಅಳೆಸಿ.